ರಂಗದ ಕೆಳಗಿನ ಏಳು ಹರವಿ

ನವಲಗುಂದದ ಹಳೆಯ ನಾಟಕ ಮಂದಿರಕ್ಕೆ ಎಂದೂ ಮೈಕು ಬೇಕಾಗಿರಲಿಲ್ಲ. ಯಾಕೆಂದು ಕೇಳಿದರೆ ಊರಿನವರು ತಲೆಗೊಂದು ಕಾರಣ ಹೇಳುತ್ತಿದ್ದರು. ಗಚ್ಚಿನ ಗೋಡೆ ಎಂದರು ಕೆಲವರು, ಸಾಗವಾನಿ ತೊಲೆ ಎಂದರು ಕೆಲವರು, ಜಾಗದ ಮಹಿಮೆ ಎಂದು ಕೈ ಮುಗಿದವರೂ ಇದ್ದರು. ನಿಜವಾದ ಕಾರಣ ಗೊತ್ತಿದ್ದದ್ದು ಮಡಿವಾಳೆಪ್ಪನೊಬ್ಬನಿಗೆ. ರಂಗದ ಹಲಗೆಗಳ ಕೆಳಗೆ ಎದೆಯುದ್ದದ ತಗ್ಗಿತ್ತು. ಅದರಲ್ಲಿ ಏಳು ದೊಡ್ಡ ಮಣ್ಣಿನ ಹರವಿಗಳನ್ನು ಬಾಯಿ ಪ್ರೇಕ್ಷಕರ ಕಡೆ ಮಾಡಿ ಮಲಗಿಸಿದ್ದರು. ಮೇಲೆ ನಿಂತು ಹಾಡಿದವರ ದನಿ ಆ ಹರವಿಗಳಲ್ಲಿ ತುಂಬಿಕೊಂಡು ಕಡೇ ಬೆಂಚಿನವರೆಗೆ ಹೋಗುತ್ತಿತ್ತು.

ಮಡಿವಾಳೆಪ್ಪ ಆ ಮಂದಿರದ ವ್ಯವಸ್ಥಾಪಕ. ಹೆಸರೇನೋ ದೊಡ್ಡದು, ಕೆಲಸ ಮಾತ್ರ ಕಸ ಗುಡಿಸುವುದರಿಂದ ಪರದೆ ಎಳೆಯುವವರೆಗೆ ಎಲ್ಲವೂ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮೊದಲಿನ ವ್ಯವಸ್ಥಾಪಕ ಗಂಗಪ್ಪ ಮಾಸ್ತರರಿಂದ ಕೀಲಿಕೈ ಇಸಿದುಕೊಂಡವನು ಅವನು. ಆ ದಿನ ಮಾಸ್ತರರು ಅವನ ಕೈಯನ್ನು ಕಾಲಿನಿಂದ ತುಳಿದು ನುಡಿಸುವ ಕಾಲ್ಪೇಟಿಯ ಮೇಲೆ ಇಡಿಸಿ ಆಣೆ ಮಾಡಿಸಿದ್ದರು. ಒಮ್ಮೆ ಎದುರಾಳಿ ಕಂಪನಿಯವರು ಯಾರಿಂದಲೋ ಗುಟ್ಟು ತಿಳಿದು, ಒಳಗಿಳಿದು, ಹರವಿಗಳನ್ನು ಒಡೆದು ಹೋಗಿದ್ದರಂತೆ. ಆ ವರ್ಷದ ನಾಟಕಗಳೆಲ್ಲ ಮಣ್ಣು ಮುಕ್ಕಿದ್ದವಂತೆ. "ಹೊರಗಿನ ಮಂದಿಗಿ ಹೇಳಬ್ಯಾಡ. ಹೇಂತಿಗೂ ಹೇಳಬ್ಯಾಡ" ಎಂದಿದ್ದರು ಮಾಸ್ತರರು. ಮಡಿವಾಳೆಪ್ಪನ ಹೆಂಡತಿ ಅವನೊಂದಿಗೆ ಮೂವತ್ತು ವರ್ಷ ಬಾಳಿ, ಹರವಿಯ ಸುದ್ದಿ ತಿಳಿಯದೆಯೇ ತೀರಿಕೊಂಡಳು. ಅವನು ಮಾತ್ರ ಪ್ರತಿ ದೀಪಾವಳಿಯ ಮುಂಚೆ ಬಾಗಿಲು ಹಾಕಿಕೊಂಡು, ಒಂದು ಹಲಗೆ ಎತ್ತಿ, ಒಬ್ಬನೇ ಕೆಳಗಿಳಿದು ಏಳೂ ಹರವಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಬರುತ್ತಿದ್ದ.

ಅವನಿಗೆ ಇನ್ನೊಂದು ಕೆಲಸವೂ ಇತ್ತು. ಆಟ ಶುರುವಾಗುವ ಮುಂಚೆ ನಟರು ರಂಗದ ನಡುವೆ ನಿಂತು ಒಂದು ಸಾಲನ್ನು ಮೆತ್ತಗೆ ಹಾಡುತ್ತಿದ್ದರು. ಮಡಿವಾಳೆಪ್ಪ ಕಡೇ ಬೆಂಚಿನಲ್ಲಿ ಕೂತಿರುತ್ತಿದ್ದ. ಶಬ್ದ ಶಬ್ದವೂ ಕೇಳಿಸಿದರೆ ಹೆಗಲ ಮೇಲಿನ ಕೆಂಪು ಟವೆಲ್ಲು ಎತ್ತುತ್ತಿದ್ದ, ಇಲ್ಲದಿದ್ದರೆ ಇಲ್ಲ. ಒಮ್ಮೆ ನಾಟಕ ಕಂಪನಿಯ ಮಾಲಕರ ಅಳಿಯನೇ ಮಹಾರಾಜನ ವೇಷ ಹಾಕಿ ಗುಟುರು ಹಾಕಿದ, ಟವೆಲ್ಲು ಏಳಲಿಲ್ಲ. ಅಳಿಯ ಮಹಾರಾಜರು ದ್ವಾರಪಾಲಕರಾಗಿ ಈಟಿ ಹಿಡಿದು ನಿಲ್ಲಬೇಕಾಯಿತು. ಅಂಥ ಟವೆಲ್ಲು ಅದು.

ಇಪ್ಪತ್ತು ವರ್ಷ ಬೀಗ ಬಿದ್ದಿದ್ದ ಮಂದಿರವನ್ನು ರಿಪೇರಿ ಮಾಡಿಸಲು ಹೋದ ವರ್ಷ ಸರಕಾರಕ್ಕೆ ಮನಸ್ಸು ಬಂತು. ಧಾರವಾಡದಿಂದ ಶಗುಫ್ತಾ ಎಂಬ ಎಂಜಿನಿಯರು ಬಂದಳು. ಹಳೆಯ ಕಟ್ಟಡಗಳನ್ನು ಮೊದಲಿನಂತೆಯೇ ನಿಲ್ಲಿಸುವುದು ಅವಳ ಕಸುಬು. ದೊಡ್ಡ ಓದು ಓದಿದವಳು ಜಂಬ ಮಾಡಿಯಾಳು ಎಂದುಕೊಂಡಿದ್ದ ಮಡಿವಾಳೆಪ್ಪ. ಆದರೆ ಅವಳು ಒಂದೊಂದು ಹಂಚಿಗೂ ಸೀಮೆಸುಣ್ಣದಲ್ಲಿ ನಂಬರು ಬರೆದು ಇಳಿಸಿದಳು, ಒಂದು ಮೊಳೆ ಕೀಳುವ ಮುಂಚೆಯೂ "ಕಾಕಾ, ಇದನ್ನ ಯಾಕ ಹೊಡದಿದ್ರಿ?" ಎಂದು ಕೇಳಿ ಬರೆದುಕೊಂಡಳು. ತನ್ನ ಡಬ್ಬಿಯ ರೊಟ್ಟಿಯಲ್ಲಿ ಅವನಿಗೆ ಪಾಲು ಕೊಟ್ಟಳು. ಅವಳು ಕೆಟ್ಟವಳಾಗಿದ್ದರೆ ಅವನಿಗೆ ಮುಂದೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಒಂದು ಮಂಗಳವಾರ ಅವಳು ರಂಗದ ಮೇಲೆ ಕೋಲಿನಿಂದ ಕುಟ್ಟುತ್ತಾ ಬಂದು ನಡುವೆ ನಿಂತಳು.

"ಕೆಳಗ ಟೊಳ್ಳ ಐತಿ ಅನಸ್ತೈತ್ರಿ ಕಾಕಾ. ಏನರೆ ಐತೇನ್ರಿ?"

ಮಡಿವಾಳೆಪ್ಪನ ಬಾಯಿಯ ತನಕ ಬಂದಿತ್ತು. ಅಷ್ಟರಲ್ಲಿ ಕಾಲ್ಪೇಟಿಯ ಮೇಲಿಟ್ಟ ಕೈ ನೆನಪಾಯಿತು. ಎಷ್ಟೆಂದರೂ ಇವಳು ಹೊರಗಿನವಳು.

"ಏನಿಲ್ರಿ ಬಾಯಾರ. ಇಲಿ ತೋಡ್ಯಾವ" ಎಂದ.

ನಲವತ್ತೆಂಟು ವರ್ಷ ಕಾಪಾಡಿದ ಗುಟ್ಟನ್ನು ಇನ್ನೂ ಒಂದು ಸಲ ಕಾಪಾಡಿದೆ ಎಂಬ ಹೆಮ್ಮೆ ಬೇರೆ ಅವನಿಗೆ. ಮರುದಿನ ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಯ ಬಸ್ಸು ಹತ್ತಿದ.

ವಾರ ಬಿಟ್ಟು ಕಪ್ಪು ಕನ್ನಡಕ ಹಾಕಿಕೊಂಡು ಬಂದವನನ್ನು ಶಗುಫ್ತಾ ಕೈ ಹಿಡಿದು ರಂಗಕ್ಕೆ ಹತ್ತಿಸಿದಳು. ಅವಳಿಗೆ ಖುಷಿಯೋ ಖುಷಿ. ಇಲಿ ತೋಡಿದ ನೆಲ, ಜನ ನಿಂತಾಗ ಕುಸಿದರೆ ಏನು ಗತಿ ಎಂದು, ಹಳೆಯ ಹಲಗೆಗಳನ್ನು ಕೀಳದೆಯೇ ಅವುಗಳಲ್ಲಿ ಸಣ್ಣ ತೂತು ಕೊರೆಸಿ, ಸುಣ್ಣ ಸಿಮೆಂಟಿನ ಗಂಜಿಯನ್ನು ಒಳಗೆ ಹೊಯ್ಯಿಸಿದ್ದಳು. ಗಂಜಿ ಹಿಡಿದೇ ಹಿಡಿಯಿತಂತೆ, ಅಂದಾಜಿಗಿಂತ ಆರು ಪಟ್ಟು. ಈ ಊರಿನ ಇಲಿಗಳು ಆನೆಯ ಗಾತ್ರ ಇರಬೇಕು ಎಂದು ಕೆಲಸದವರು ನಕ್ಕರಂತೆ. ನೀವು ಹೇಳಿದ್ದಕ್ಕೆ ರಂಗ ಉಳಿಯಿತು ಎಂದಳು, ವರದಿಯಲ್ಲಿ ಅವನ ಹೆಸರು ಬರೆದದ್ದನ್ನು ತೋರಿಸಿದಳು. ಮಡಿವಾಳೆಪ್ಪ ಕಾಲಿನಿಂದ ಹಲಗೆಯನ್ನೊಮ್ಮೆ ಒದ್ದು ನೋಡಿದ. ಕೆಳಗಿನಿಂದ ಯಾವ ಮರುದನಿಯೂ ಬರಲಿಲ್ಲ.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಆಣೆಯ ಹೆದರಿಕೆ ಅಲ್ಲ ಅದು. ಆ ಹುಡುಗಿಯ ಮುಖ ನೋಡಿ ನಾಚಿಕೆಯಾಯಿತು, ಅಷ್ಟೇ. ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆಯ ಬೆನ್ನು ಹತ್ತಿ ಎರಡು ತಿಂಗಳು ಹೋದವು.

ಅಷ್ಟರಲ್ಲಿ ಉದ್ಘಾಟನೆಯ ದಿನ ಗೊತ್ತಾಯಿತು. ಅಣ್ಣಿಗೇರಿಯ ಸಾವಿತ್ರೆವ್ವ ಮೊದಲ ಹಾಡು ಹಾಡಬೇಕು, ಅದೂ ಮೈಕಿಲ್ಲದೆ ಎಂದು ಶಗುಫ್ತಾ ನಿಶ್ಚಯಿಸಿದಳು. ಈ ಮಂದಿರ ಎಂಥದ್ದೆಂದು ಅಧಿಕಾರಿಗಳಿಗೆ ತಿಳಿಯಲಿ ಎಂಬುದು ಅವಳ ಆಸೆ. ಸಾವಿತ್ರೆವ್ವ ಈ ರಂಗದ ಮೇಲೆ ಹದಿನೈದು ವರ್ಷ ನಾಯಕಿಯಾಗಿ ಮೆರೆದವಳು. ಎಪ್ಪತ್ತೈದು ದಾಟಿದ್ದರೂ ಬೇರೆ ಯಾವ ಸಭೆಗೂ ಹೋಗದವಳು, ಈ ಮಂದಿರ ಎಂದೊಡನೆ ಒಪ್ಪಿದಳು.

ಅವಳಿಗೊಬ್ಬಳಿಗಾದರೂ ಹೇಳಬೇಕೆಂದು ಮಡಿವಾಳೆಪ್ಪ ಅಣ್ಣಿಗೇರಿಗೆ ಹೋದ. ಬಾಗಿಲಲ್ಲೇ ಹಾಡು ಕೇಳಿಸಿತು. ದನಿ ಸ್ವಲ್ಪ ಒರಟಾಗಿತ್ತು, ಆದರೆ ಮುಕ್ಕಾಗಿರಲಿಲ್ಲ. ಅವನನ್ನು ಕಂಡು ಮುದುಕಿ ಹುಡುಗಿಯಂತೆ ನಕ್ಕಳು. ದಿನಾ ಬೆಳಿಗ್ಗೆ ಸಾಧನೆ ಮಾಡುತ್ತಿದ್ದೇನೆ, ನಿನ್ನ ಟವೆಲ್ಲು ಎದ್ದರೆ ಸಾಕು, ಆಮೇಲೆ ಸತ್ತರೂ ಚಿಂತೆಯಿಲ್ಲ ಎಂದಳು. ಮಡಿವಾಳೆಪ್ಪ ಚಹಾ ಕುಡಿದು ಎದ್ದು ಬಂದ.

ಉದ್ಘಾಟನೆಯ ಸಂಜೆ ಮಂದಿರ ತುಂಬಿತ್ತು. ಮುಂದೆ ಹಾಸಿದ ಹೊಸ ಜಮಖಾನಿಯ ಮೇಲೆ ಅಧಿಕಾರಿಗಳು, ಹಿಂದೆ ಊರು. ಮಡಿವಾಳೆಪ್ಪ ಕಡೇ ಬೆಂಚಿನಲ್ಲಿ ತನ್ನ ಜಾಗ ಹಿಡಿದ. ಹಸಿರು ಇಳಕಲ್ಲು ಸೀರೆಯುಟ್ಟ ಸಾವಿತ್ರೆವ್ವ ನಡುರಂಗಕ್ಕೆ ಬಂದು, ಜನಕ್ಕೆ ಕೈ ಮುಗಿದು, ಮೆತ್ತಗೆ ಒಂದು ಸಾಲು ಹಾಡಿ ಅವನ ಕಡೆ ನೋಡಿದಳು.

ಅವನಿಗೆ ಅವಳ ತುಟಿ ಆಡಿದ್ದು ಕಂಡಿತು. ಹಾಡು ಕೇಳಿಸಲಿಲ್ಲ.

ಅವಳು ನೋಡುತ್ತಲೇ ಇದ್ದಳು. ಮಡಿವಾಳೆಪ್ಪ ಜೀವಮಾನದಲ್ಲಿ ಮೊದಲ ಸಲ ಟವೆಲ್ಲನ್ನು ಸುಳ್ಳಾಗಿ ಎತ್ತಿದ.

ಅದನ್ನು ನಂಬಿ ಅವಳು ಕಣ್ಣು ಮುಚ್ಚಿ ಪೂರ್ತಿ ಹಾಡಿಗೆ ಇಳಿದಳು. ನಾಲ್ಕನೆಯ ಸಾಲಿನಾಚೆಗೆ ಅದು ಗುಣುಗುಣು ಮಾತ್ರ. ಹಿಂದೆ ಪಿಸುಮಾತು ಶುರುವಾಯಿತು, ಆಮೇಲೆ ನಗು. ಯಾರೋ ಮೈಕು ಕೊಡಿರೆಂದು ಕೂಗಿದರು. ಇನ್ನೊಬ್ಬ, ಅಜ್ಜಿಯನ್ನು ಮನೆಗೆ ಕಳಿಸಿರಿ ಎಂದ. ಸಾವಿತ್ರೆವ್ವ ಕಣ್ಣು ತೆರೆದಳು, ಹಾಡನ್ನು ಅರ್ಧಕ್ಕೆ ನಿಲ್ಲಿಸಿದಳು, ಮತ್ತೆ ಕೈ ಮುಗಿದು ಒಳಗೆ ಹೋದಳು.

ಬಣ್ಣದ ಕೋಣೆಯಲ್ಲಿ ಅವಳು ಕನ್ನಡಿಗೆ ಬೆನ್ನು ಹಾಕಿ ಕೂತಿದ್ದಳು. ಬಾಗಿಲಲ್ಲಿ ಶಗುಫ್ತಾ ನಿಂತಿದ್ದಳು. ಹಂಚು ಕೂಡಿಸುವುದರಲ್ಲೇ ಎಲ್ಲೋ ತಪ್ಪಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

"ಮಡಿವಾಳಾ" ಎಂದಳು ಸಾವಿತ್ರೆವ್ವ. "ನೀ ಸುಳ್ಳ ಟವೆಲ್ ಎತ್ತಿದವ ಅಲ್ಲ. ಇವತ್ತ ಎತ್ತೀದಿ. ನನ್ನ ದನಿ ಅಷ್ಟು ಹೋಗೇತೇನು?"

ದನಿ ಹೋಗಿಲ್ಲ ಅಕ್ಕಾರ, ಹರವಿ ಹೋಗ್ಯಾವ. ಇಷ್ಟು ಹೇಳಿದ್ದರೆ ಅವಳ ದನಿ ಅವಳಿಗೆ ವಾಪಸು ಸಿಗುತ್ತಿತ್ತು. ಮಡಿವಾಳೆಪ್ಪ ಬಾಗಿಲಲ್ಲಿದ್ದ ಹುಡುಗಿಯನ್ನು ನೋಡಿದ, ವರದಿಯಲ್ಲಿದ್ದ ತನ್ನ ಹೆಸರು ನೆನೆದ.

"ವಯಸ್ಸಾತಲ್ರಿ ಅಕ್ಕಾರ" ಎಂದ.

ಸಾವಿತ್ರೆವ್ವ ತಲೆಯಾಡಿಸಿದಳು. ಅವನ ಹೆಗಲ ಮೇಲಿನ ಟವೆಲ್ಲು ಇಸಿದುಕೊಂಡು ಮುಖದ ಬಣ್ಣ ಒರೆಸಿಕೊಂಡಳು, ನೀಟಾಗಿ ಮಡಚಿ ಅವನ ಕೈಗೇ ಕೊಟ್ಟಳು.

ಆ ಸಂಜೆಯಿಂದ ಅವಳು ಮನೆಯಲ್ಲೂ ಹಾಡಿಲ್ಲವಂತೆ. ಗಂಗಪ್ಪ ಮಾಸ್ತರರ ಆಣೆಯನ್ನು ಮಡಿವಾಳೆಪ್ಪ ಇವತ್ತಿಗೂ ಮುರಿದಿಲ್ಲ.