ಬೀಗರ ವಿಮಾನ

ನಾನೊಂದು ಟ್ರೆಡ್‌ಮಿಲ್. ನನ್ನ ಮೇಲೆ ಓಡಿದವರು ಯಾರೂ ಈವರೆಗೆ ಎಲ್ಲಿಗೂ ಮುಟ್ಟಿಲ್ಲ. ಆದರೂ ಒಂದು ಮದುವೆ ನನ್ನಿಂದಲೇ ಮುರಿಯುವುದರಲ್ಲಿತ್ತು, ನನ್ನಿಂದಲೇ ಕೂಡಿತು ಎಂದು ಹೇಳಿದರೆ ನೀವು ನಂಬಬೇಕು.

ಹುಟ್ಟಿದ್ದು ಪುಣೆಯ ಒಂದು ಕಾರ್ಖಾನೆಯಲ್ಲಿ. ಹೊಟ್ಟೆಯಲ್ಲಿ ಮೋಟರು, ಬೆನ್ನ ಮೇಲೆ ಕರಿಯ ರಬ್ಬರಿನ ಪಟ್ಟಿ, ಎದುರಿಗೆ ಮಿನುಗುವ ಅಂಕಿಗಳು. ಅಲ್ಲಿಂದ ಬೆಳಗಾವಿಯ ಜಿಮ್ಮಿಗೆ ಬಂದೆ. ಏನು ದರ್ಬಾರು ಅಂತೀರಿ! ಬೆಳಗಾದರೆ ಜನ ನನಗಾಗಿ ಸರದಿ ನಿಲ್ಲುತ್ತಿದ್ದರು. ಆ ಜಿಮ್ಮು ಬಾಗಿಲು ಹಾಕಿದಾಗ ಬಾಳಪ್ಪ ಮಾಸ್ತರು ನನ್ನನ್ನು ಮನೆಗೆ ತಂದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಮಾಸ್ತರು ನಡೆದದ್ದು ಕೆಲವೇ ದಿನ. ಆಮೇಲೆ ಅವರ ಹೆಂಡತಿ ನೀಲವ್ವ ನನ್ನ ಹಿಡಿಕೆಗಳ ಮೇಲೆ ಟವಲು ಒಣಹಾಕಲು ಶುರುಮಾಡಿದರು. ನಾಚಿಕೆಗೇಡು, ಆದರೆ ಒಗ್ಗಿಹೋಯಿತು.

ಅವರ ಮಗಳು ತೇಜಸ್ವಿನಿಯೇ ನನಗೆ ಆ ಮನೆಯಲ್ಲಿ ಇಷ್ಟ. ಶಾಲೆಯಲ್ಲಿದ್ದಾಗಿನಿಂದ ಗಾಲಿ ಬೂಟು ಕಟ್ಟಿ ಸ್ಕೇಟಿಂಗ್ ಮಾಡಿದವಳು. ಅವಳನ್ನು ನೋಡಲು ಗೋಕಾಕಿನಿಂದ ಸಂಗಮೇಶ ಎಂಬ ಹುಡುಗ, ಅವನ ಅಪ್ಪ ಗುರುಶಿದ್ದಪ್ಪ ಬಂದರು. ಹುಡುಗ ಹುಡುಗಿ ಅದಾಗಲೇ ಫೋನಿನಲ್ಲಿ ಮಾತಾಡಿ ಒಬ್ಬರನ್ನೊಬ್ಬರು ಒಪ್ಪಿಬಿಟ್ಟಿದ್ದರು. ಹಿರಿಯರು ಹೂಂ ಅನ್ನುವುದೊಂದೇ ಬಾಕಿ. ಹೂಂ ಅಂದರೆ ಬಾಯಿ ಸಿಹಿ ಮಾಡಲು ಕುಂದಾ ತಟ್ಟೆಗಳಲ್ಲಿ ತಯಾರಿತ್ತು.

"ಇವತ್ತ ಬೀಗರು ಏನಂದ್ರೂ ಹೌದ ಅನ್ರಿ. ಪಾಠಾ ಮಾಡಬ್ಯಾಡ್ರಿ," ಎಂದು ನೀಲವ್ವ ಗಂಡನಿಗೆ ಬೆಳಗಿನಿಂದ ಹೇಳಿದ್ದೇ ಹೇಳಿದ್ದು.

ಗುರುಶಿದ್ದಪ್ಪ ಕೂತದ್ದು ನನ್ನ ಪಕ್ಕದಲ್ಲಿ. ಬಸ್ ಡಿಪೋದಲ್ಲಿ ವರ್ಷಗಟ್ಟಲೆ ಮೆಕ್ಯಾನಿಕ್ ಆಗಿದ್ದ ಮನುಷ್ಯ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಯಾರಿಗೂ ಮಾತು ಹೊಳೆಯದೆ ಎಲ್ಲರೂ ಫ್ಯಾನು ನೋಡುತ್ತಿದ್ದರು. ಆಗ ಸಂಗಮೇಶ, ಪಾಪ, ಒಳ್ಳೆಯದಕ್ಕೆಂದೇ ಬಾಯಿ ಬಿಟ್ಟ.

"ಇಂಥಾದ್ದ ಒಂದು ಭಾಳ ದೊಡ್ಡದು ಮಾಡಿ, ಮ್ಯಾಲ ವಿಮಾನ ನಿಲ್ಲಿಸಿದ್ರ? ವಿಮಾನ ಎಷ್ಟ ಜೋರ ಮುಂದ ಹೊಂಟ್ರೂ ಪಟ್ಟಿ ಅಷ್ಟ ಜೋರ ಹಿಂದ ಓಡ್ತದ. ವಿಮಾನ ಹಾರ್ತದೋ ಇಲ್ಲೋ?"

"ಹೆಂಗ ಹಾರ್ತದ?" ಗುರುಶಿದ್ದಪ್ಪ ನಕ್ಕರು. "ಗಾಲಿ ತಿರಗತಾವು, ವಿಮಾನ ಇದ್ದಲ್ಲೇ ಇರ್ತದ."

ಮಾಸ್ತರು ಹೆಂಡತಿಯ ಕಡೆ ನೋಡಿದರು. ತುಟಿ ಕಚ್ಚಿಕೊಂಡರು. ಆದರೆ ಎಷ್ಟೆಂದು ತಡೆದಾರು?

"ಹಾರ್ತದ್ರಿ," ಎಂದರು.

ಮುಗೀತು ಕಥೆ! ವಿಮಾನವನ್ನು ಮುಂದೆ ಒಯ್ಯುವುದು ಗಾಳಿ ಎಂದು ಇವರು, ಗಾಲಿ ಎಂದು ಅವರು. ದನಿ ಏರಿತು. "ಗಾಲಿ ವಿಷಯ ನನಗ ಕಲಸ್ತೀರೇನು?" ಎಂದು ಗುರುಶಿದ್ದಪ್ಪ ಕೇಳಿದರೆ, "ತಪ್ಪ ಇದ್ರ ಕಲಸಬೇಕಾಗ್ತದ," ಎಂದುಬಿಟ್ಟರು ನಮ್ಮ ಮಾಸ್ತರು. ಗುರುಶಿದ್ದಪ್ಪ ಚಹಾದ ಕಪ್ಪನ್ನು ಮುಟ್ಟದೆಯೇ ಎದ್ದು ನಿಂತರು. ಕನ್ಯೆ ನೋಡಲು ಬಂದವರು ಚಹಾ ಕುಡಿಯದೆ ಎದ್ದರೆ ಏನರ್ಥ ಎಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನೀಲವ್ವ ಹಣೆ ಹಣೆ ಬಡಿದುಕೊಂಡರು. ಸಂಗಮೇಶನ ಮುಖ ಸಪ್ಪಗಾಯಿತು. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಮಾವಾರ, ಒಂದ ನಿಮಿಷ ನಿಂದರ್ರಿ."

ಎಲ್ಲರೂ ತಿರುಗಿದರು. ತೇಜಸ್ವಿನಿ! ಸಂಬಂಧವೇ ಕೂಡಿಲ್ಲ, ಆಗಲೇ ಮಾವಾರ ಅಂದುಬಿಟ್ಟಿದ್ದಳು. ಗುರುಶಿದ್ದಪ್ಪ ಚಪ್ಪಲಿಗೆ ಚಾಚಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

ಅವಳು ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಗಾಲಿ ಬೂಟು ಕಟ್ಟಿಕೊಂಡು ನನ್ನ ಬೆನ್ನಿನ ಹಿಂತುದಿಯಲ್ಲಿ ಹತ್ತಿ ನಿಂತಳು. ಗುರುಶಿದ್ದಪ್ಪನವರನ್ನು ಕರೆದು ನನ್ನ ಮುಂದೆ ನೆಲದ ಮೇಲೆ ನಿಲ್ಲಿಸಿ, ಬಟ್ಟೆ ಒಣಹಾಕುವ ಹಗ್ಗವೊಂದರ ತುದಿಯನ್ನು ಅವರ ಕೈಗೆ ಕೊಟ್ಟಳು, ಇನ್ನೊಂದು ತುದಿ ತಾನು ಹಿಡಿದಳು.

"ಗಟ್ಟಿ ಹಿಡೀರಿ. ನೀವ ಗಾಳಿ, ನಾ ವಿಮಾನ." ಆಮೇಲೆ ಸಂಗಮೇಶನಿಗೆ, "ಯಂತ್ರಾ ಚಾಲೂ ಮಾಡ್ರಿ," ಎಂದಳು.

ಎಷ್ಟು ಕಾಲದ ಮೇಲೆ ನನ್ನ ಪಟ್ಟಿ ಓಡಿತು! ಅವಳ ಬೂಟಿನ ಗಾಲಿಗಳು ಗಿರ್ರನೆ ತಿರುಗಿದವು. ಹಗ್ಗವನ್ನು ಕೈಮೇಲೆ ಕೈಯಿಟ್ಟು ಎಳೆದುಕೊಂಡಳು, ಸಲೀಸಾಗಿ ಮುಂದೆ ಬಂದಳು. ಹಿಂದೆ ಸರಿದಳು. "ಇನ್ನೂ ಜೋರ ಇಡ್ರಿ," ಎಂದಳು. ನಾನು ಮೈಯೆಲ್ಲ ನಡುಗಿಸಿ ಓಡಿದೆ. ಅವಳು ಆಗಲೂ ಮುಂದೆಯೇ ಬಂದಳು.

"ಗಾಲಿ ಎಷ್ಟ ಜೋರ ತಿರಗಿದ್ರೂ ಅಷ್ಟ, ಮಾವಾರ. ನನ್ನ ಮುಂದ ಒಯ್ದದ್ದು ಹಗ್ಗ. ಬಸ್ಸು ಗಾಲೀಲೆ ನೆಲಾ ತಳ್ಳಿ ಹೋಗ್ತದ. ವಿಮಾನ ಗಾಳೀನ ಹಿಡಕೊಂಡು ಹೋಗ್ತದ."

ಗುರುಶಿದ್ದಪ್ಪ ಕೈಯಲ್ಲಿದ್ದ ಹಗ್ಗ ನೋಡಿದರು, ಅವಳನ್ನು ನೋಡಿದರು.

"ಮುಂದ ಬಂದಿ, ಖರೆ," ಎಂದರು. "ಆದ್ರ ಹಾರಲಿಲ್ಲಲ್ಲವಾ!"

ಮೊದಲು ನಕ್ಕವರು ಮಾಸ್ತರು. ಗುರುಶಿದ್ದಪ್ಪ ಕೂತು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. "ಈ ವಾದಾ ಒಂದ ದಿನಕ್ಕ ಮುಗಿಯೂದಲ್ಲ. ಕುಂದಾ ತರ್ರಿ, ಅಕ್ಕಾರ!"

ಮದುವೆಯಾದ ಮೇಲೆ ನಾನೂ ಗೋಕಾಕಿಗೆ ಬಂದೆ. ಇನ್ನಷ್ಟು ಪರೀಕ್ಷೆ ಮಾಡಬೇಕೆಂದು ಗುರುಶಿದ್ದಪ್ಪನವರೇ ಟೆಂಪೋ ತಂದು ಒಯ್ದರು. ಜಾಗ ಖಾಲಿಯಾಯಿತಲ್ಲ ಎಂದು ನೀಲವ್ವ ಹಿಗ್ಗಿದರು. ಅಂದಿನಿಂದ ಮಾಸ್ತರು ತಿಂಗಳಿಗೊಮ್ಮೆ ಕುಂದಾ ಹಿಡಿದು ಬರುತ್ತಾರೆ, ಸಂಜೆಯವರೆಗೆ ವಾದಿಸುತ್ತಾರೆ, ಗೋಕಾಕಿನ ಸಿಹಿ ಕರದಂಟು ಹಿಡಿದು ಹೋಗುತ್ತಾರೆ.

ಈಗ ನನ್ನ ಮೋಟರು ಸುಟ್ಟಿದೆ, ಪಟ್ಟಿ ಹರಿದಿದೆ. ಗುಜರಿಗೆ ಕೊಡೋಣವೆಂದ ಸಂಗಮೇಶನಿಗೆ ಬೀಗರಿಬ್ಬರೂ ಸೇರಿ ಬೈದರು. ಅವರಿಬ್ಬರೂ ಒಂದೇ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹೀಗಾಗಿ ಪಡಸಾಲೆಯ ಮೂಲೆಯಲ್ಲಿದ್ದೇನೆ. ಗುರುಶಿದ್ದಪ್ಪ ನನ್ನ ಮೇಲೆಯೇ ಕೂತು ಚಹಾ ಕುಡಿಯುತ್ತಾರೆ. ಓಡಿಸಿದ ದಿನಗಳಿಗಿಂತ ಕೂರಿಸಿಕೊಂಡ ಈ ದಿನಗಳೇ ನನಗೆ ಹಿತ.

ಮೊನ್ನೆ ತೇಜಸ್ವಿನಿ ಚಹಾ ಕೊಡುತ್ತ ಕೇಳಿದಳು, "ಮಾವಾರ, ಖರೇ ಹೇಳ್ರಿ, ಇನ್ನೂ ಹಾರೂದಿಲ್ಲ ಅಂತೀರೇನು?"

ಅವರು ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ಹಾರ್ತದವಾ. ನೀ ಹಗ್ಗ ಎಳದಾಗ ನನ್ನ ಕೈಗೇ ತಿಳೀತು. ಆದ್ರ ಒಪ್ಪಿಕೊಂಡ್ರ ನಿಮ್ಮಪ್ಪ ಮುಂದಿನ ತಿಂಗಳ ಯಾಕ ಬರ್ತಾರ?"

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಕುಂದಾದ ಡಬ್ಬಿ ಹಿಡಿದು ಮಾಸ್ತರು ಒಳಗೆ ಬರುತ್ತಿದ್ದರು. ಗುರುಶಿದ್ದಪ್ಪ ನನ್ನ ಮೇಲೆ ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡರು.

"ಹಾರೂದಿಲ್ರೀ, ಮಾಸ್ತರ!"