ಬೆಳ್ಳಿಯ ಮಕ್ಖಿ

"ಕಟ್ಟಿಗಿ ಹಳೇದು, ನಳಿಗಿ ಹೊಸಾವು," ಎಂದು ಬಂದೂಕು ರಿಪೇರಿಯ ಗೌಸೋದ್ದೀನ ಜೋಡುನಳಿಗೆಯ ಬಂದೂಕನ್ನು ಬಿಚ್ಚಿ ಬೆಳಕಿಗೆ ಹಿಡಿದ. "ಲೈಸೆನ್ಸು ಕಚೇರ್ಯಾಗ ಅನುಮಾನ ಬಂದದ್ದು ಖರೇ ಅದ, ಸಾವ್ಕಾರ್ರ."

"ಅದಕ್ಕ ನಿನ್ನ ಕಡಿ ಕಳಸ್ಯಾರ." ಶಿವರಾಜಪ್ಪ ಬಾಕಿನ ಮೇಲೆ ಕಾಲು ಚಾಚಿದ. "ತಮ್ಮನ ಕೈಯಾಗ ನಳಿಗಿ ಒಡದು ಜೀವ ಹೋಯ್ತು. ಆಮ್ಯಾಲ ಕಂಪನಿಗಿ ಕಳಸಿ ಹೊಸಾವು ಹಾಕಿಸೇನಿ. ಇಷ್ಟ ಬರದು ಕೊಡು. ಬರೋ ತಿಂಗಳ ಬೀದರ ಮೈಸೂರ ರಾಜ್ಯಕ್ಕ ಸೇರ್ತದ. ಆ ಹೊಸಾ ಮಂದಿ ಮುಂದ ಯಾರು ಬಾಯಿ ಬಡ್ಕೋಬೇಕು?"

ಕಸ್ತೂರಿಬಾಯಿ ಬೀದರದ ಆ ಅಂಗಡಿಯ ಹೊಸ್ತಿಲ ಬಳಿ ಕೂತಿದ್ದಳು. ಲೈಸೆನ್ಸು ಗಂಡನ ಹೆಸರಲ್ಲಿತ್ತು. ಅದನ್ನು ಬಾವ ಶಿವರಾಜಪ್ಪನ ಹೆಸರಿಗೆ ಮಾಡಲು ಅವಳ ಹೆಬ್ಬೆಟ್ಟು ಬೇಕಿತ್ತು. ಆರು ವರ್ಷಗಳ ಹಿಂದೆ, ಹೊಲ ಪಾಲಾಗುವ ಮಾತು ನಡೆದಿದ್ದ ವಾರವೇ, ಊರು ಭಾತಂಬ್ರಾದ ಮನೆಯಂಗಳಕ್ಕೆ ಗಂಡ ಬಸವಣ್ಣೆಪ್ಪನನ್ನು ಕಂಬಳಿ ಮುಚ್ಚಿ ತಂದಿದ್ದರು. ಬೇಟೆಗೆ ಹೋದವರು ಅಣ್ಣತಮ್ಮ ಇಬ್ಬರೇ. "ಮಾರಿ ನೋಡಬ್ಯಾಡವ್ವ," ಎಂದು ಬಾವ ಅಡ್ಡ ನಿಂತಿದ್ದ. "ಹುಚ್ಚ, ಕಾಡತೂಸಿಗಿ ಮದ್ದು ಜಾಸ್ತಿ ತುಂಬಿದ್ದ." ಅಂದಿನಿಂದ ರೊಟ್ಟಿ ಬಡಿಯುವಾಗೆಲ್ಲ ಅವಳು ಸತ್ತ ಗಂಡನನ್ನು ಮನಸ್ಸಿನಲ್ಲೇ ಬೈಯುತ್ತಿದ್ದಳು: ಅಷ್ಟು ಅವಸರ ಯಾಕ ಇತ್ತು ನಿಮಗ?

ಗೌಸೋದ್ದೀನ ನಳಿಗೆಯ ತಳ ಒರೆಸಿದ. "ಬಂದೂಕಿನ ನಂಬರೇ ಇಲ್ಲೂ ಹೊಡದಾರ. ಬಜಾರದ ಕೆಲಸ ಅಲ್ಲ, ಕಂಪನಿದೇ."

"ಕೇಳಿದಿ?" ಶಿವರಾಜಪ್ಪ ನಗುತ್ತ ಎದ್ದು, ಪಾನ ಹಾಕಿಸಿಕೊಳ್ಳಲು ಎದುರು ಅಂಗಡಿಗೆ ಹೋದ.

"ಎಲ್ಲಾ ಕಂಪನಿದು, ಇದೊಂದು ಬಿಟ್ಟು." ಗೌಸೋದ್ದೀನ ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಕೂಡಿಸಿದ್ದ ಪುಟ್ಟ ಗುಂಡನ್ನು ಮುಟ್ಟಿದ. "ಇದಕ್ಕ ಮಕ್ಖಿ ಅಂತೇವಿ. ಕಂಪನಿದು ಹಿತ್ತಾಳಿದು ಇರ್ತದ. ಇದು ಬೆಳ್ಳಿ. ಯಾರೋ ಅಕ್ಕಸಾಲಿ ಬೆಸದಾನ."

ಅವಳು ಬಗ್ಗಿ ನೋಡಿದಳು. ಮಗಳು ಮಹಾನಂದಾ ನಡೆಯಲು ಕಲಿತ ವರ್ಷ ಬಂದೂಕಿನ ಮಕ್ಖಿ ಎಲ್ಲೋ ಉದುರಿತ್ತು. ಬಸವಣ್ಣೆಪ್ಪ ಕೂಸಿನ ಗೆಜ್ಜೆಯ ಗುಂಡೊಂದನ್ನು ಕಿತ್ತು ಕೂಡಿಸಿಕೊಂಡು ಬಂದು, "ಈಗ ನನ್ನ ಬಂದೂಕೂ ಗೆಜ್ಜಿ ಕಟ್ಯಾದ," ಎಂದು ನಕ್ಕಿದ್ದ. ಅವಳು ಸಿಟ್ಟಿಗೆದ್ದು ಅವನಿಗೆ ಊಟಕ್ಕೆ ಬಡಿಸಿರಲಿಲ್ಲ.

"ಒಡದ ನಳಿಗಿದು ಕಿತ್ತಿ ಹೊಸಾದಕ್ಕ ಹಚ್ತಾರೇನ್ರಿ ಕಂಪನ್ಯಾಗ?"

"ಯಾರು ಹಚ್ತಾರ ಬಾಯಿ? ಹೊಸಾ ನಳಿಗಿ ಅಂದ್ರ ಹೊಸಾ ಮಕ್ಖಿನೇ. ಇವು ಕಟ್ಟಿಗಿಗಿಂತ ಹೊಸಾವು ಖರೇ, ಆದ್ರ ನಿಮ್ಮ ಮಾವನ ಕಾಲಕ್ಕೇ ಬದಲಿ ಆಗಿರಬೇಕು, ಸವದಾವ ನೋಡ್ರಿ. ಒಡದಿದ್ರ ಈ ಮಕ್ಖಿ ಇಲ್ಲಿ..." ಗೌಸೋದ್ದೀನ ಎದುರು ಅಂಗಡಿಯತ್ತ ನೋಡಿ ನಳಿಗೆಯನ್ನು ಮೆಲ್ಲಗೆ ಕೆಳಗಿಟ್ಟ. "ನಾ ಬಂದೂಕ ನೋಡ್ತೇನಿ ಬಾಯಿ. ಬ್ಯಾರೆ ಏನೂ ನೋಡಂಗಿಲ್ಲ."

ಶಿವರಾಜಪ್ಪ ಪಾನ ಜಗಿಯುತ್ತ ಬಂದ. "ಆಯ್ತೇನು? ನಡಿ ಕಸ್ತೂರಿ, ಹೆಬ್ಬಟ್ಟು ಒತ್ತಿ ಬಿಡು."

"ಒತ್ತತೇನ್ರಿ ಬಾವಾರ. ಮೊದಲ ಮಹಾನಂದಾಗ ಔರಾದಕ್ಕ, ನಮ್ಮವ್ವನ ಮನಿಗಿ ಕಳಸ್ರಿ. ನಾನೂ ಅಲ್ಲೇ ಇರ್ತೇನಿ."

"ತಲಿ ಕೆಟ್ಟದೇನು? ಮಂದಿ ಏನಂದಾರು?"

"ಆ ಬೆಳ್ಳಿ ಗುಂಡು ಆಕಿ ಗೆಜ್ಜಿದ್ರಿ. ಆಕಿ ಅಪ್ಪನೇ ಹಚ್ಚಿಸಿದ್ರು."

ಜಗಿಯುತ್ತಿದ್ದ ದವಡೆ ನಿಂತಿತು. ಅವನು ನಳಿಗೆಯ ತುದಿಯನ್ನು ನೋಡಿದ, ಆಮೇಲೆ ಗೌಸೋದ್ದೀನನನ್ನು. ಗೌಸೋದ್ದೀನ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕುತ್ತಿದ್ದ.

"ನಾಳಿ ಮುಂಜಾನಿ ಕಳಸ್ತೇನಿ," ಎಂದ ಶಿವರಾಜಪ್ಪ. ಯಾಕೆ ಎಂದು ಕೇಳಲಿಲ್ಲ.

ಗೌಸೋದ್ದೀನ ಬಂದೂಕನ್ನು ಜೋಡಿಸಿ ಎಣ್ಣೆಬಟ್ಟೆಯಿಂದ ಉದ್ದಕ್ಕೂ ಒರೆಸಿದ. ಒರೆಸಿದಷ್ಟೂ ತುದಿಯ ಬೆಳ್ಳಿ ಹೊಳೆಯಿತು. ಕಸ್ತೂರಿಬಾಯಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮುಷ್ಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು.