ದಾರ ಸಿಗಲಿಲ್ಲ

"ಹೊಲಿಗಿ ಮ್ಯಾಲ ಬ್ಯಾಡ. ಬಾಜೂಕ ಬಿಡ, ಸಾವಕಾಶ," ಎಂದು ರಹಿಮಾಬಿ ಪರದೆಯ ಒಳಗೆ ಹೇಳುತ್ತಿದ್ದಳು. ತೀರಿಹೋದ ಸೊಸೆ ಸುಗ್ರಾಳ ಮೈಯನ್ನು ಹೆಂಗಸರು ತೊಳೆಯುತ್ತಿದ್ದರು. ನರ್ಸ್ ಇಂದುಬಾಯಿ ಹೊರಗೆ ಹಂಡೆಯಿಂದ ನೀರು ತೋಡಿ, ಪರದೆಯ ಕೆಳಗಿನಿಂದ ತಂಬಿಗೆ ಸರಿಸುತ್ತಿದ್ದಳು. ಬೇರೆ ಮತದವಳು ಒಳಗೆ ಹೋಗುವುದು ಪದ್ಧತಿಯಲ್ಲ. ಅವಳಿಗೆ ಧೈರ್ಯವೂ ಇರಲಿಲ್ಲ.

"ಮೂರು ವರ್ಷ ಹೊಟ್ಟಿಗೆ ದಿಂಬ ಒತ್ತಿಗೊಂಡ ಗಾದಿ ಹೊಲದಳು, ಪಾಪ," ನೆರೆಮನೆಯ ಅಮೀನಾಬಿಯ ದನಿ.

"ತಾನಽ ವಂಕಿ ಕಿತ್ತಿ ಒಗದಳು. ಮಾಡಿದ್ದುಣ್ಣೋ ಮಾರಾಯಾ," ಇನ್ನೊಬ್ಬಳೆಂದಳು.

"ಸುಮ್ನಿರ ಬೇ. ಹೆಣ ಕೇಳತೈತಿ."

"ಜೀವಂತ ಇದ್ದಾಗಽ ನಮ್ಮ ಮಾತ ಕೇಳಲಿಲ್ಲ, ಈಗೇನ್ ಕೇಳತಾಳ?"

ಯಾರೋ ಕಿಸಕ್ಕನೆ ನಕ್ಕು, ಕೂಡಲೇ ಕೆಮ್ಮಿದರು.

"ನರ್ಸಬಾಯಿ, ನೀರ!"

ಇಂದುಬಾಯಿಯ ಕೈ ಹಂಡೆಯೊಳಗೇ ನಿಂತಿತ್ತು.

*

ಎಪ್ಪತ್ಮೂರರ ಬೇಸಿಗೆ. ನಾಲ್ಕು ಮಕ್ಕಳು ಸಾಕೆಂದು ಗಾದಿ ಅಂಗಡಿಯ ಮೋದಿನಸಾಬ ತಾನೇ ಹೆಂಡತಿಯನ್ನು ಕುಟುಂಬ ಯೋಜನೆಯ ಕ್ಯಾಂಪಿಗೆ ಕರೆತಂದು, ಬಸಿರಾಗದಂತೆ ಗರ್ಭಚೀಲದೊಳಗೆ ಇಡುವ ವಂಕಿ ಹಾಕಿಸಿದ್ದ. ಮೂರು ತಿಂಗಳಿಗೆ ಸುಗ್ರಾ ಹೊಟ್ಟೆನೋವೆಂದು ಇಂದುಬಾಯಿಯ ಬಳಿ ಬಂದಳು. ಇಂದುಬಾಯಿ ನೋಡಿದಳು. ಬೆರಳಿಗೆ ತಾಗಬೇಕಾದ ವಂಕಿಯ ದಾರ ಸಿಗಲಿಲ್ಲ.

"ಕಿತ್ತಿಗೊಂಡಿ ಹೌದಿಲ್ಲೊ?"

"ಇಲ್ಲರಿ ಬಾಯಾರ. ಒಳಗಽ ಐತ್ರಿ. ಚುಚ್ಚತೈತ್ರಿ."

"ದಾರ ಇಲ್ಲಂದ್ರ ವಂಕಿನೂ ಇಲ್ಲ. ನನಗ ಕಲಸಾಕ ಬಂದೀಯೇನ?"

ಹೊರಗೆ ಬೆಂಚಿನ ಮೇಲೆ ಐದಾರು ಹೆಂಗಸರಿದ್ದರು. ಅವರಿಗೆ ಕೇಳುವ ಹಾಗೆಯೇ ಹೇಳಿದ್ದಳು. ದಾರ ಸಿಗದಿದ್ದರೆ ಎಕ್ಸರೇಗೆ ಕಳಿಸಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು. ಆದರೆ ಆ ತಿಂಗಳು ಇಬ್ಬರು ನಿಜವಾಗಿಯೂ ವಂಕಿ ಕಿತ್ತುಕೊಂಡಿದ್ದರು, ಅದಕ್ಕೆ ಅವಳು ಮೇಲಿನ ಸಾಹೇಬರಿಂದ ಬೈಸಿಕೊಂಡಿದ್ದಳು, ಸಿಟ್ಟು ಇನ್ನೂ ಇಳಿದಿರಲಿಲ್ಲ.

ಮುಂದಿನ ವರ್ಷ ಅಬಿದಾ ಹುಟ್ಟಿದಳು. ಸುಗ್ರಾ ವಂಕಿ ಕಿತ್ತಿದ್ದಕ್ಕೆ ಊರಿಗೆ ಸಾಕ್ಷಿ ಸಿಕ್ಕಿತು. ಮೋದಿನಸಾಬ ಅಂಗಡಿಯಲ್ಲೇ ಮಲಗತೊಡಗಿದ.

ನಿನ್ನೆ ವಿಜಾಪುರದಲ್ಲಿ ಆಪರೇಷನ್ ಮಾಡಿಯೂ ಸುಗ್ರಾಳನ್ನು ಉಳಿಸಲಾಗದ ಡಾಕ್ಟರು, ತಟ್ಟೆಯಲ್ಲಿದ್ದ ಪ್ಲಾಸ್ಟಿಕ್ಕಿನ ಸುರುಳಿಯನ್ನು, ಅದೇ ವಂಕಿಯನ್ನು, ಜೊತೆಗೆ ಹೋಗಿದ್ದ ಇಂದುಬಾಯಿಗೆ ತೋರಿಸಿದ್ದರು. ಗರ್ಭಚೀಲವನ್ನು ತೂರಿ ಹೊರಬಂದು ಕರುಳನ್ನು ಬಿಗಿದಿತ್ತು. ಬಹಳ ಅಪರೂಪ, ಎಂದರು. ಆಗಲೇ ಒಂದು ಎಕ್ಸರೇ ತೆಗೆಸಿದ್ದರೆ ತಿಳಿಯುತ್ತಿತ್ತು, ಗಂಡನಿಗೆ ನೀವೇ ಹೇಳಿ, ಎಂದರು.

ಹೊರಗೆ ಬಂದ ಇಂದುಬಾಯಿ ಮೋದಿನಸಾಬನಿಗೆ, "ಕರುಳ ಕೊಳತಿತ್ತರಿ," ಎಂದಷ್ಟೇ ಹೇಳಿದ್ದಳು.

*

ಅಂಗಳದಲ್ಲಿ ಕಫನ್ನಿನ ಬಟ್ಟೆಯೊಳಗೆ ಸುಗ್ರಾಳ ಮುಖವಷ್ಟೇ ಕಾಣುತ್ತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಾಗಿ, "ಅಂದದ್ದು ಆಡಿದ್ದು ಮಾಫ್ ಮಾಡ ನಮ್ಮವ್ವಾ," ಎಂದು ಸರಿದರು. ಕೊನೆಗೆ ಮೋದಿನಸಾಬ ಬಂದು, ಕೈ ಹಿಂದೆ ಕಟ್ಟಿ ನಿಂತ.

"ಸುಗ್ರಾ, ವಂಕೀ ಸಲುವಾಗಿ ನೀ ಸುಳ್ಳ ಹೇಳಿದಿ. ನಾ ಮಾಫ್ ಮಾಡೇನಿ. ಅಲ್ಲಾನೂ ಮಾಡ್ಲಿ."

"ಎಂಥಾ ದೊಡ್ಡ ಮನಸ್ಸ!" ಅಮೀನಾಬಿ ಬಿಕ್ಕಿದಳು. ಅವಳ ಸೊಂಟದ ಮೇಲಿದ್ದ ಅಬಿದಾ ಬೆರಳು ಚೀಪುತ್ತಿದ್ದಳು.

ರಹಿಮಾಬಿ ಮುಖ ಮುಚ್ಚಿ, ತಲೆಯ ಮೇಲೆ ಬಟ್ಟೆಯ ಪಟ್ಟಿ ಬಿಗಿದು ಗಂಟು ಹಾಕಿದಳು. ಇನ್ನೇನು ಎತ್ತುತ್ತಾರೆ. ಹನ್ನೆರಡರ ಸಿಂದಗಿ ಮೋಟಾರು ಹಿಡಿದರಾಯಿತು, ಯಾರಿಗೂ ತಿಳಿಯುವುದಿಲ್ಲ ಎಂದು ಇಂದುಬಾಯಿ ಲೆಕ್ಕ ಹಾಕಿದಳು.

"ಆಕೀನ್ನ ಮಾಫ್ ಮಾಡಬ್ಯಾಡ್ರಿ," ಎಂದಳು ಇಂದುಬಾಯಿ.

ಎಲ್ಲರೂ ತಿರುಗಿದರು.

"ಆಕಿ ಕಿತ್ತಿದ್ದಿಲ್ರಿ. ವಂಕಿ ಹೊಟ್ಟ್ಯಾಗಽ ಇತ್ತು. ನಿನ್ನಿ ಡಾಕ್ಟರು ತಗದ್ರು. ಆಕಿ ಖರೇನಽ ಹೇಳಿದ್ಲು. ನಾನಽ... ಎಕ್ಸರೇಕ ಕಳಸಲಿಲ್ಲ. ನಿನ್ನಿನೂ ನಿಮಗ ಹೇಳಲಿಲ್ಲ."

ಬೈಗುಳಕ್ಕೆಂದು ತಲೆ ತಗ್ಗಿಸಿ ನಿಂತಳು.

"ಎತ್ರೋ! ನಮಾಜಿನ ಹೊತ್ತಾತು!" ಹೊರಗಿನಿಂದ ಗಂಡಸರು ಕೂಗಿದರು.

ಮೋದಿನಸಾಬ ಕದಲಲಿಲ್ಲ. "ಅವ್ವಾ, ಆಕೀ ಮಾರಿ ಮ್ಯಾಲಿನ ಬಟ್ಟಿ ತಗಿ," ಎಂದ.

ರಹಿಮಾಬಿ ಕುಕ್ಕರಗಾಲಲ್ಲಿ ಕೂತು ಗಂಟಿಗೆ ಉಗುರು ಹಾಕಿದಳು. ಹಸಿ ಬಟ್ಟೆ ಇನ್ನಷ್ಟು ಬಿಗಿಯಿತು. ಮತ್ತೆ ಎಳೆದಳು. ಆಮೇಲೆ ಸೊಸೆಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿ, ಬಾಯಲ್ಲಿ ಉಳಿದಿದ್ದ ಎರಡು ಹಲ್ಲಿನಿಂದ ಗಂಟನ್ನು ಕಚ್ಚತೊಡಗಿದಳು.